ಒಂದು ಪೆಗ್ಗು ಅಂದರೆ ಎಷ್ಟು?

ಮುರುಗಮಲ್ಲದ ಟೀ ಅಂಗಡಿಯೊಂದರಲ್ಲಿ ಕೂತಿದ್ದೆವು. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಬಂದ ಜನ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದರು. ಈ ದರ್ಗಾಕ್ಕೆ ಎಲ್ಲ ಜಾತಿಯವರೂ ಬರುತ್ತಾರೆ, ಎಲ್ಲ ರೋಗದವರೂ ಬರುತ್ತಾರೆ. ಹಾಗಾಗಿ ಇಲ್ಲಿನ ಮಾತು ಎಲ್ಲಿಂದ ಶುರುವಾದರೂ ಮೈಯ ಕಷ್ಟಕ್ಕೇ ಬಂದು ನಿಲ್ಲುತ್ತದೆ. ರಿಟೈರಾದ ಮೇಷ್ಟ್ರೊಬ್ಬರು ನಮ್ಮ ಎದುರು ಕೂತು ಹೇಳುತ್ತಿದ್ದರು: "ರಾತ್ರಿ ಊಟಕ್ಕೆ ಮುಂಚೆ ಒಂದು ಪೆಗ್ಗು, ಅಷ್ಟೇ. ಹಾರ್ಟಿಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳವ್ರೆ. ಮಿತಿ ಮೀರಬಾರದು ನೋಡಿ."

ಪಕ್ಕದಲ್ಲಿ ಟೊಮೆಟೊ ಕ್ರೇಟು ಎತ್ತುವ ಕೂಲಿಯವನೊಬ್ಬ ಬೀಡಿ ಹಚ್ಚುತ್ತಿದ್ದ. "ಒಂದು ಪೆಗ್ಗು ಅಂದ್ರೆ ಎಷ್ಟು ಸಾ?" ಅಂದ. ಮೇಷ್ಟ್ರು ಟೀ ಗ್ಲಾಸಿನ ತಳದಲ್ಲಿ ಬೆರಳಿಟ್ಟು ತೋರಿಸಿದರು. ಅವನು ನಕ್ಕುಬಿಟ್ಟ. "ಅಷ್ಟೇ ಅಷ್ಟು ನಮ್ಗೆ ಯಾರು ಮಾರ್ತಾರೆ ಸಾ?"

ಹಿತಮಿತವಾಗಿ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದೇ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ದೇಶಗಳ ವಿಜ್ಞಾನಿಗಳು ನಲವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ನಮಗೆ ಅನ್ನಿಸುವುದು, ಈ ಕೂಲಿಯವನ ಪ್ರಶ್ನೆಯನ್ನು ಮೊದಲು ಕೇಳಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಲೆಕ್ಕ ಹಾಕಿಯೇ ನೋಡೋಣ. ನಮ್ಮ ಓದುಗರಲ್ಲಿ ಮೇಷ್ಟ್ರುಗಳು ಬಹಳ, ಲೆಕ್ಕಕ್ಕೆ ಹೆದರುವವರಲ್ಲ. ಒಂದು 'ಡ್ರಿಂಕ್' ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಯ ಮೇಲೆ ನೂರಕ್ಕೆ 42.8 ಭಾಗ ಆಲ್ಕೋಹಾಲು ಎಂದು ಅಚ್ಚು ಹಾಕಿರುತ್ತಾರೆ. ಹಾಗಾದರೆ 30 ಮಿಲಿಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. 90 ಮಿಲಿಯ ಪ್ಯಾಕೆಟ್ಟಿನಲ್ಲಿ 30 ಗ್ರಾಂ. 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಅಂದರೆ ಕೂಲಿ ಮುಗಿಸಿ ಬಂದವನ ಕೈಗೆ ಸಾಮಾನ್ಯವಾಗಿ ಸಿಗುವ ಒಂದು ಪ್ಯಾಕೆಟ್ಟು ಮೇಷ್ಟ್ರ ಮೂರು ದಿನದ ಮಿತಿ. ಮೂಲೆ ಕತ್ತರಿಸಿದ ಪ್ಯಾಕೆಟ್ಟಿಗೆ ಮುಚ್ಚಳ ಇಲ್ಲ. ಮೂರನೇ ಒಂದು ಭಾಗ ಕುಡಿದು ಉಳಿದದ್ದನ್ನು ನಾಳೆಗೆ, ನಾಡಿದ್ದಿಗೆ ಎತ್ತಿಡಲು ಅವನ ಮನೆಯಲ್ಲಿ ಗಾಜಿನ ಬೀರು ಇಲ್ಲ. ನಿಂತಲ್ಲೇ ಬಾಯಿಗೆ ಸುರಿದುಕೊಳ್ಳುವುದೇ ಸೈ. ಮಿತಿ ಎಂಬುದು ಮನಸ್ಸಿನ ಗಟ್ಟಿತನ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಅದು ಬಾಟಲಿಯ ಸೈಜೂ ಹೌದು, ಮನೆಯ ಸೈಜೂ ಹೌದು.

ಇನ್ನು ಆ 'ಹಾರ್ಟಿಗೆ ಒಳ್ಳೇದು' ಎಂಬ ಮಾತು ಎಲ್ಲಿಂದ ಬಂತು? 1991ರಲ್ಲಿ ಅಮೆರಿಕದ ಟೀವಿಯೊಂದು, ಫ್ರಾನ್ಸಿನ ಜನ ಬೆಣ್ಣೆ ಮಾಂಸ ತಿಂದೂ ಹೃದಯರೋಗಕ್ಕೆ ಕಮ್ಮಿ ಬಲಿಯಾಗುತ್ತಾರೆ, ಕೆಂಪು ವೈನು ಕಾರಣವಿರಬಹುದು ಎಂದು ತೋರಿಸಿತು. ಅಲ್ಲಿ ವೈನಿನ ಮಾರಾಟ ಜಿಗಿಯಿತು. ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಹೆಚ್ಚು ದಿನ ಬದುಕುತ್ತಾರೆ ಎಂದು ಹೇಳುವ ಸಂಶೋಧನೆಗಳೂ ಸಾಲುಸಾಲಾಗಿ ಬಂದವು. ಆದರೆ ಅದಕ್ಕೂ ಮೊದಲೇ, 1988ರಲ್ಲಿ, ಬ್ರಿಟನ್ನಿನ ಜೆರಾಲ್ಡ್ ಶೇಪರ್ ಎಂಬ ತಜ್ಞ ಒಂದು ಸರಳ ತಕರಾರು ಎತ್ತಿದ್ದರು: ನಿಮ್ಮ 'ಕುಡಿಯದವರ' ಗುಂಪಿನಲ್ಲಿ ಇರುವವರು ಯಾರು? ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಅದರಲ್ಲೇ ಸೇರಿದ್ದಾರಲ್ಲ! ರೋಗಿಗಳನ್ನು ಒಂದು ಕಡೆ ನಿಲ್ಲಿಸಿ, ಗಟ್ಟಿಮುಟ್ಟಾದವರನ್ನು ಇನ್ನೊಂದು ಕಡೆ ನಿಲ್ಲಿಸಿ, ಗ್ಲಾಸಿಗೆ ಬಹುಮಾನ ಕೊಟ್ಟ ಹಾಗಾಯಿತು.

ಇನ್ನೂ ಒಂದು ಮಾತಿದೆ, ನಮಗೆ ಅದೇ ಮುಖ್ಯ. ಅಳತೆ ಮಾಡಿ ಕುಡಿಯುವವನು ಸಾಮಾನ್ಯವಾಗಿ ಯಾರು? ಓದಿದವನು, ಸಂಬಳ ಬರುವವನು, ಹೊತ್ತಿಗೆ ಸರಿಯಾಗಿ ಉಣ್ಣುವವನು, ನೆಗಡಿಯಾದರೂ ಡಾಕ್ಟರ ಹತ್ತಿರ ಹೋಗುವವನು. ಅವನು ಹೆಚ್ಚು ದಿನ ಬದುಕಿದರೆ ಅದು ಗ್ಲಾಸಿನ ಪುಣ್ಯವಲ್ಲ, ಜಮೀನಿನ ಪುಣ್ಯ, ಜಾತಿಯ ಪುಣ್ಯ, ಸಂಬಳದ ಪುಣ್ಯ. ಈ ಎಲ್ಲವನ್ನೂ ಲೆಕ್ಕದಿಂದ ಕಳೆದಂತೆ ವೈನಿನ ಮಹಿಮೆಯೂ ಕರಗುತ್ತಾ ಬಂತು. 2018ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯೇ ಮಿತ ಕುಡಿತದ ಒಂದು ದೊಡ್ಡ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿತು. ಅದಕ್ಕೆ ದುಡ್ಡು ಹಾಕಿದ್ದವರಲ್ಲಿ ಮದ್ಯದ ಕಂಪೆನಿಗಳೇ ಇದ್ದವು! ಮದ್ಯ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಸಾರಿತ್ತು. 2023ರ ಜನವರಿಯಲ್ಲಿ ಆ ಸಂಸ್ಥೆ ಬಿಡಿಸಿ ಹೇಳಿತು: ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ, ಮೊದಲ ತೊಟ್ಟಿನಿಂದಲೇ ಅಪಾಯ ಶುರು. ಒಂದು ಪೆಗ್ಗಿನ ಅಪಾಯ ಸಣ್ಣದು, ಕ್ವಾರ್ಟರಿನದು ದೊಡ್ಡದು, ನಿಜ. ಆದರೆ ಸಣ್ಣ ಅಪಾಯವನ್ನು ಔಷಧಿ ಎಂದು ಕರೆಯುವುದು ಮೋಸ.

ಈ ಮೋಸ ದೂರದ ಅಮೆರಿಕದ್ದು ಮಾತ್ರ ಅಂದುಕೊಳ್ಳಬೇಡಿ. ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದ್ದು 2007ರಲ್ಲಿ. ಅದೇ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು, ವೈನ್ ಬೋರ್ಡನ್ನೂ ಮಾಡಿತು. ಬಡವನ ಕುಡಿತ ಸಮಾಜಕ್ಕೆ ಪಿಡುಗು, ಉಳ್ಳವನ ಕುಡಿತ ತೋಟಗಾರಿಕೆಯ ಅಭಿವೃದ್ಧಿ. ನಂದಿ ಬೆಟ್ಟದ ಸುತ್ತ ದ್ರಾಕ್ಷಿ ಚಪ್ಪರದ ಕೆಳಗೆ ಔಷಧಿ ಹೊಡೆಯುವ ಹೆಂಗಸು ಗಂಡಸರನ್ನು ಹೋಗಿ ನೋಡಿ. ಅವರ ಕೈಯಲ್ಲಿ ಬೆಳೆದ ಹಣ್ಣು ಪೇಟೆಯಲ್ಲಿ ಹೃದಯಕ್ಕೆ ಹಿತವಾಗುತ್ತದೆ, ಅವರ ಗುಡಿಸಲಿಗೆ ಬರುವುದು ಪ್ಯಾಕೆಟ್ಟು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು, ಅಷ್ಟೇ ಬದಲಾವಣೆ. ಅದೂ ಸಿಗದ ಕಡೆ ಕಳ್ಳಬಟ್ಟಿ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆ ತಮಿಳುನಾಡಿನ ಕೃಷ್ಣಗಿರಿ ಕಡೆ ವಿಷದ ಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗಲೂ ಸತ್ತವರು ಇವರೇ, ಕೂಲಿಯವರು. ಅಬಕಾರಿಯಿಂದ 2025-26ರಲ್ಲಿ 40,000 ಕೋಟಿ ರೂಪಾಯಿ ಎತ್ತಬೇಕೆಂದು ರಾಜ್ಯ ಸರ್ಕಾರ ಬಜೆಟ್ಟಿನಲ್ಲಿ ಗುರಿ ಹಾಕಿಕೊಂಡಿತು. ಮೇಷ್ಟ್ರ ಹಾಗೆ ಎಲ್ಲರೂ ದಿನಕ್ಕೊಂದು ಪೆಗ್ಗಿಗೆ ನಿಂತುಬಿಟ್ಟರೆ ಈ ಗುರಿ ಮುಟ್ಟುವುದು ಹ್ಯಾಗೆ? ಮಿತವಾಗಿ ಕುಡಿಯಿರಿ ಎಂದು ಹೇಳುವ ವ್ಯವಸ್ಥೆಗೇ ಮಿತಿ ಬೇಕಾಗಿಲ್ಲ.

ನಮ್ಮ ಕೇರಿಗಳಿಗೆ ಕುಡಿತ ಬಂದ ದಾರಿಯನ್ನೂ ಮರೆಯಬಾರದು. ಈ ಕಡೆ ಈಚಲು ಮರದ ಹೆಂಡ ಇತ್ತು, ತೆಲುಗಿನಲ್ಲಿ ಕಲ್ಲು ಅಂತಾರೆ. ಮಾರಮ್ಮನ ಜಾತ್ರೆಗೆ ಅದು ಬೇಕೇ ಬೇಕು, ಹೆಂಗಸರೂ ಕುಡಿಯುತ್ತಿದ್ದರು. ಅದರ ಕಥೆ ಬೇರೆ. ಆದರೆ ಸತ್ತ ದನ ಹೊತ್ತವನಿಗೆ, ಸಾವಿಗೆ ತಮಟೆ ಬಡಿದವನಿಗೆ, ಗುಂಡಿ ತೋಡಿದವನಿಗೆ ಕೂಲಿಯ ಬದಲು ಕುಡಿಯಲು ಕೊಟ್ಟು ಕಳಿಸಿದವರು ಯಾರು? ಸುಗ್ಗಿ ಮುಗಿದ ರಾತ್ರಿ, ಎಲೆಕ್ಷನ್ನಿನ ಹಿಂದಿನ ರಾತ್ರಿ ಕೇರಿಗೆ ಕ್ರೇಟು ಇಳಿಸಿದವರು ಯಾರು? ಬೆಳಗಾದರೆ "ಈ ಜನ ಕುಡಿದು ಹಾಳಾಗ್ತವೆ" ಅಂದವರೂ ಅವರೇ. ದಲಿತ ಸಂಘರ್ಷ ಸಮಿತಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಕೂಗಿದ್ದು ಲಿವರಿನ ಯೋಚನೆಯಿಂದ ಅಲ್ಲ. ನಮ್ಮ ಕೂಲಿಯನ್ನು ಕೂಲಿಯಾಗಿ ಕೊಡಿ, ನಮ್ಮ ಮಕ್ಕಳ ಪಾಲನ್ನು ಶಾಲೆಯಾಗಿ ಕೊಡಿ ಎಂಬ ಹಕ್ಕಿನ ಮಾತು ಅದು.

ಹಾಗಂತ ನಾವು ಮಡಿವಂತರ ಜೊತೆ ಸೇರಿ ಕುಡಿಯುವವನ ಮುಖಕ್ಕೆ ಉಗಿಯಬೇಕೆ? ಕುಡಿತ ಕೊಳಕು, ಮಾಂಸ ಕೊಳಕು, ಆದ್ದರಿಂದ ನೀವೂ ಕೊಳಕು ಎಂಬ ಆ ಪಾಠ ನಮಗೆ ಸಾವಿರ ವರ್ಷದಿಂದ ಗೊತ್ತು. ಇಲ್ಲಿ ಬಾಬಾಸಾಹೇಬರನ್ನು ನೆನೆಯಬೇಕು. ಅವರು ಕುಡಿಯುತ್ತಿರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಆದರೆ ಅದೇ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟ ಮೊದಲ ಮಹಾಚುನಾವಣೆಯ ಪ್ರಣಾಳಿಕೆಯಲ್ಲಿ ಸರ್ಕಾರದ ಪಾನನಿರೋಧವನ್ನು ವಿರೋಧಿಸಿತ್ತು. ಇದನ್ನು ಎಡಬಿಡಂಗಿತನ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ತಾನಾಗಿ ಎದ್ದು ನಿಂತು ಬೇಡ ಅನ್ನುವುದು ಸ್ವಾಭಿಮಾನ. ಪೊಲೀಸನು ಬಂದು ಬೇಡ ಅನ್ನಿಸುವುದು ಇನ್ನೊಂದು ಲಾಠಿ, ಅದು ಮೊದಲು ಬೀಳುವುದೂ ನಮ್ಮ ಬೆನ್ನಿಗೇ.

ಆದರೂ ಒಂದು ಕಡೆ ನಮ್ಮ ಬಾಯಿ ಕಟ್ಟುತ್ತದೆ. ಮ್ಯಾನ್‌ಹೋಲಿಗೆ ಇಳಿಯುವ ಗೆಳೆಯನೊಬ್ಬ ಕೇಳಿದ್ದ: "ಕುಡೀದೆ ಇಳ್ದು ನೋಡಣ್ಣಾ ನೀನು." 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದರೂ ಇಳಿಸುವುದು ನಿಂತಿಲ್ಲ. ಆ ನಾತಕ್ಕೆ, ಆ ಹೇಸಿಗೆಗೆ ಅವನ ಪಾಲಿಗೆ ಅದೇ ಅರಿವಳಿಕೆ. ಅವನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಗ್ರಾಮಿನ ಲೆಕ್ಕ ಹೇಳುವ ಮುಖ ನಮಗಿಲ್ಲ. ಇತ್ತ ಅವನ ಹೆಂಡತಿಗೆ ಅವನ ನೋವಿನ ನೆಪ ಹೇಳುವ ಮುಖವೂ ಇಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಿಸಿ ಎಂದು ನಡೆದು ಬಂದರು. ಅವರು ಶುದ್ಧಿ ಅಶುದ್ಧಿ ಮಾತಾಡಲಿಲ್ಲ, ಮನೆಗೆ ಬಾರದ ಕೂಲಿಯ ಮಾತಾಡಿದರು, ಮೈಮೇಲಿನ ಬಾಸುಂಡೆಯ ಮಾತಾಡಿದರು. ನಿಷೇಧದ ಬಗ್ಗೆ ನಮಗೆ ಅನುಮಾನವಿದೆ. ಆ ಹೆಂಗಸರ ಎದುರು ನಿಂತು ಅದನ್ನು ಹೇಳುವಾಗ ಗಂಟಲು ಒಣಗುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು.

ಮೇಷ್ಟ್ರು ಬಸ್ಸು ಹತ್ತಿ ಹೋದರು. ಕೂಲಿಯವನು ಇನ್ನೂ ಕೂತಿದ್ದ. ನಾವು ಅವನಿಗೆ ಮೇಲಿನ ಲೆಕ್ಕವನ್ನೆಲ್ಲ ಹೇಳಿದೆವು, ಪ್ಯಾಕೆಟ್ಟು ಅಂದರೆ ಮೂರು ಪೆಗ್ಗು ಕಣಪ್ಪಾ ಅಂತ. ಗಮನ ಇಟ್ಟು ಕೇಳಿದ. ಆಮೇಲೆ ಭುಜ ನೀವಿಕೊಂಡು, "ಸರಿ ಅಣ್ಣಾ, ಬಿಡ್ತೀನಿ ಅಂತಾನೇ ಇಟ್ಕೊಳ್ಳಿ. ರಾತ್ರಿ ಈ ನೋವಿಗೆ ಏನ್ ಮಾಡ್ಲಿ?" ಅಂದ. ಆಸ್ಪತ್ರೆಗೆ ತೋರಿಸು ಅಂದೆವು. ಆಸ್ಪತ್ರೆ ತೆಗೆಯುವುದು ಬೆಳಿಗ್ಗೆ, ಮಂಡಿಯಲ್ಲಿ ಲೋಡು ಎತ್ತುವ ಹೊತ್ತೂ ಅದೇ ಅಂತ ಹೇಳಿ, ಬೀಡಿ ಆರಿಸಿ ಎದ್ದ.