ಎದ್ದು ಹೋಗದ ಕೇಳುಗ

'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ.' ಈ ಗಾದೆ ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳವಾಗಿ. ಜ್ವರ ಬಿಟ್ಟು ಎರಡು ದಿನವಾದರೂ ಶಾಲೆ ತಪ್ಪಿಸಲು ಕಂಬಳಿ ಹೊದ್ದು ಮುಲುಗುತ್ತಿದ್ದ ನನ್ನನ್ನು ಎಬ್ಬಿಸಲು ಅಜ್ಜಿ ಇದನ್ನು ಬಳಸುತ್ತಿದ್ದಳು. ಅದೂ ಎರಡನೆಯ ಅರ್ಧ ಮಾತ್ರ. ಕೆಲವು ಮನೆಗಳಲ್ಲಿ 'ನರಳ್ತಾ' ಇದ್ದಲ್ಲಿ 'ಉಗುಳ್ತಾ' ಎಂದಿರುತ್ತದೆ, ಅದು ಇನ್ನೂ ಖಾರ. ಮೊದಲ ಅರ್ಧ ನನಗೆ ಅರ್ಥವಾದದ್ದು ಬೇರೆ ಕಡೆ, ಬಹಳ ತಡವಾಗಿ.

ಶಾಲೆಯಲ್ಲಿ ಇದಕ್ಕೆ ಗಾದೆ ವಿಸ್ತರಣೆ ಬರೆಸುತ್ತಿದ್ದರು. ಸತತ ಅಭ್ಯಾಸದಿಂದ ಎಲ್ಲವೂ ಸಾಧ್ಯ ಎಂದು ಮುಗಿಸಿದರೆ ನಾಲ್ಕಕ್ಕೆ ಮೂರು ಅಂಕ ಖಾತ್ರಿ. ನನಗೇಕೋ ಆ ಅರ್ಥ ಒಗ್ಗಲಿಲ್ಲ. ಅಭ್ಯಾಸ ಎಂದರೆ ಬೆನ್ನ ಹಿಂದೆ ಒಬ್ಬ ಮೇಷ್ಟ್ರು, ಕಣ್ಣ ಮುಂದೆ ಒಂದು ಪರೀಕ್ಷೆ. ಗಾದೆಯೊಳಗೆ ಇವರಿಬ್ಬರೂ ಇಲ್ಲ. ಅಲ್ಲಿ ಹಾಡು ಮೊದಲು, ರಾಗ ಆಮೇಲೆ. ಮೊದಲ 'ಹಾಡ್ತಾ'ಗೂ ಎರಡನೆಯ 'ಹಾಡ್ತಾ'ಗೂ ನಡುವೆ ಎಷ್ಟು ವರ್ಷ ಹಿಡಿಯಿತೆಂದು ಗಾದೆ ಹೇಳುವುದಿಲ್ಲ. ಆದರೆ ಆ ವರ್ಷಗಳಲ್ಲಿ ರಾಗ ಇನ್ನೂ ಬಂದಿರಲಿಲ್ಲ ಎಂಬುದಂತೂ ಸ್ಪಷ್ಟ. ರಾಗವೇ ಇಲ್ಲದ ಹಾಡನ್ನು ಅಷ್ಟು ವರ್ಷ ಯಾರು ಕೂತು ಕೇಳಿದರು? ಗಾದೆಯ ಗುಟ್ಟು ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ನಮ್ಮೂರ ರಾಮಮಂದಿರದಲ್ಲಿ ಶನಿವಾರ ರಾತ್ರಿ ಭಜನೆ. ಹಾರ್ಮೋನಿಯಂ ನುಡಿಸುತ್ತಿದ್ದವರು ಬೀದಿ ತುದಿಯ ಟೈಲರ್. ನಾವು ಹುಡುಗರೆಲ್ಲ ಟೈಲರ್ ಮಾವ ಅನ್ನುತ್ತಿದ್ದೆವು. ಯಾರ ಹತ್ತಿರವೂ ಕಲಿತವರಲ್ಲ. ಊರಿಗೆ ಪೌರಾಣಿಕ ನಾಟಕ ಕಲಿಸಲು ಬಂದಿದ್ದ ಹಾರ್ಮೋನಿಯಂ ಮೇಷ್ಟ್ರೊಬ್ಬರು ಹಳೇ ಪೆಟ್ಟಿಗೆಯನ್ನು ಮಂದಿರಕ್ಕೆ ಮಾರಿ ಹೋದರಂತೆ, ಇವರು ಅದನ್ನು ಒರೆಸಿ ಇಡಲು ಹೋಗಿ ಬೆರಳಿಟ್ಟರಂತೆ, ಅಷ್ಟೆ. ಎಡಗೈ ತಿದಿ ಒತ್ತುತ್ತಿತ್ತು. ಬಲಗೈಯ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಆದ ಕಪ್ಪು ಚುಕ್ಕಿಗಳು. ಚಕ್ಕಂಬಕ್ಕಲ ಹಾಕಿ ಕೂತಿದ್ದರೂ ಪಂಚೆಯೊಳಗೆ ಬಲಗಾಲಿನ ಹೆಬ್ಬೆರಳು ಆಡುತ್ತಲೇ ಇರುತ್ತಿತ್ತು. ದಿನವಿಡೀ ಹೊಲಿಗೆ ಮಿಷನ್ ತುಳಿದ ಕಾಲು ಅದು. ತಬಲದವನು ತಪ್ಪಿದರೂ ಆ ಹೆಬ್ಬೆರಳು ತಪ್ಪುತ್ತಿರಲಿಲ್ಲ.

ಆದರೆ ಒಂದು ಹಾಡಿನಲ್ಲಿ, ಮಂಗಳಾರತಿಗೆ ಸ್ವಲ್ಪ ಮುಂಚೆ, ಅವರ ಬೆರಳು ಪ್ರತಿ ವಾರವೂ ಒಂದೇ ಜಾಗದಲ್ಲಿ ಪಕ್ಕದ ಕಪ್ಪು ಕೀ ಮೇಲೆ ಬೀಳುತ್ತಿತ್ತು. ಪೇಟೆಯಲ್ಲಿ ಎರಡು ವರ್ಷ ಸಂಗೀತ ಕ್ಲಾಸಿಗೆ ಹೋಗಿ ಬಂದ ನನಗೆ ಅದು ಕಿವಿಯಲ್ಲಿ ಮುಳ್ಳಾಡಿಸಿದಂತೆ. ಒಂದು ದಿನ ತಡೆಯಲಾಗದೆ ಹೇಳಿಯೇ ಬಿಟ್ಟೆ. "ಮಾವ, ಅಲ್ಲಿ ಸ್ವರ ತಪ್ಪುತ್ತೆ."

ಮಾವ ಪೆಟ್ಟಿಗೆಗೆ ಬಟ್ಟೆ ಹೊದಿಸುತ್ತಾ ನನ್ನ ಕಡೆ ನೋಡದೆಯೇ ಅಂದರು: "ಹೌದೇನಪ್ಪ? ಇಪ್ಪತ್ತು ವರ್ಷದಿಂದ ರಾಮಪ್ಪ ಏನೂ ಅಂದಿಲ್ಲವಲ್ಲ."

ಅವತ್ತು ನಾನು ನಕ್ಕೆ. ಈಗ ನೋಡಿದರೆ, ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಎಲ್ಲೂ ಓದಿಲ್ಲ. ಮನುಷ್ಯರ ಮುಂದೆ ಹಾಡುವವನಿಗೆ ಮೊದಲ ವಾರವೇ ತೀರ್ಪು ಬರುತ್ತದೆ. ಹೆಂಡತಿ ಅಡುಗೆಮನೆ ಬಾಗಿಲು ಮುಂದಕ್ಕೆ ಹಾಕುತ್ತಾಳೆ, ಪಕ್ಕದ ಮನೆಯವರು ಕೆಮ್ಮುತ್ತಾರೆ. ಗುರು ಇದ್ದರೆ ಬೈಗುಳವನ್ನಾದರೂ ಪಾಠವೆಂದುಕೊಳ್ಳಬಹುದು. ಗುರುವೂ ಇಲ್ಲದವನು ಎರಡನೆಯ ವಾರಕ್ಕೆ ಪೆಟ್ಟಿಗೆ ಮುಚ್ಚುತ್ತಾನೆ. ಮುಚ್ಚದೆ ಉಳಿದವರನ್ನು ನೋಡಿ: ಅವರ ಮುಂದೆ ಎದ್ದು ಹೋಗದ ಒಬ್ಬ ಕೇಳುಗ ಇರುತ್ತಾನೆ. ಅವನು ಕಲ್ಲಾಗಿರಲಿ, ಬಯಲಾಗಿರಲಿ. ದೇವರು ಸ್ಫೂರ್ತಿ ಕೊಡುತ್ತಾನೆ ಎನ್ನುತ್ತೇವೆ. ಆ ಪದದ ಮೇಲೆ ಸಿನಿಮಾದ ಬೆಳಕು ಬಿದ್ದು ಬಿದ್ದು, ಕಲಾವಿದನ ನೆತ್ತಿಗೆ ಮಿಂಚು ಇಳಿಯುವುದೇ ಸ್ಫೂರ್ತಿ ಎಂದಾಗಿದೆ. ನಾನು ಕಂಡಂತೆ ದೇವರು ಕೊಡುವುದು ಹೆಚ್ಚು ಸಾದಾ ವಸ್ತುಗಳನ್ನು: ಶನಿವಾರ ರಾತ್ರಿ ಎಂಟು ಗಂಟೆ ಎಂಬ ಒಂದು ಹೊತ್ತು, ಕೂರಲೊಂದು ಚಾಪೆ, ತಪ್ಪಲು ಬೇಕಾದಷ್ಟು ವರ್ಷ.

ಏಕಲವ್ಯನ ಕತೆ ಹೇಳುವಾಗ ಎಲ್ಲರೂ ಹೆಬ್ಬೆರಳಿಗೆ ಓಡುತ್ತಾರೆ. ನನಗೆ ಮಣ್ಣು ಮುಖ್ಯ. ದ್ರೋಣ ಒಲ್ಲೆ ಎಂದ ಮೇಲೆ ಆ ಹುಡುಗ ಕಾಡಿಗೆ ಬಂದು ಮೊದಲು ಮಾಡಿದ ಕೆಲಸ ಬಾಣ ಬಿಟ್ಟದ್ದಲ್ಲ, ಮಣ್ಣು ಕಲಸಿ ಮೂರ್ತಿ ಮಾಡಿದ್ದು. ಯಾರೂ ಕಲಿಸದ ಶಿಲ್ಪವೂ ಅವನದೇ. ಆ ಮಣ್ಣಿನ ದ್ರೋಣ ಒಂದು ಪಾಠವನ್ನೂ ಹೇಳಿಕೊಟ್ಟಿರಲಾರ. ಗುರಿ ತಪ್ಪಿದಾಗಲೂ ಕೂತಲ್ಲೇ ಕೂತಿದ್ದ, ಅಷ್ಟೆ. ನಿಜವಾದ ದ್ರೋಣ ಬಂದು ಏನು ಮಾಡಿದ ಎಂಬುದನ್ನು ಇಲ್ಲಿ ಬೆಳೆಸುವುದಿಲ್ಲ.

ಹನ್ನೆರಡನೆಯ ಶತಮಾನದ ನಮ್ಮ ವಚನಕಾರರನ್ನೇ ತೆಗೆದುಕೊಳ್ಳಿ. ಅಂಬಿಗರ ಚೌಡಯ್ಯ ದೋಣಿಯವನು, ನುಲಿಯ ಚಂದಯ್ಯ ಹಗ್ಗ ಹೊಸೆಯುವವನು, ಲಕ್ಕಮ್ಮ ಅಕ್ಕಿ ಆಯ್ದು ಬದುಕುತ್ತಿದ್ದ ಮನೆಯವಳು. ಛಂದಸ್ಸಿನ ಪಾಠಶಾಲೆಗೆ ಇವರನ್ನು ಯಾರೂ ಕರೆದಿರಲಿಲ್ಲ. ತನಗೆ ತಾಳ ಲಯ ಒಂದೂ ತಿಳಿಯದು, ಒಲಿದ ಹಾಗೆ ಹಾಡುತ್ತೇನೆ ಎಂಬ ಧಾಟಿಯಲ್ಲಿ ಬಸವಣ್ಣನೇ ಒಂದು ವಚನದಲ್ಲಿ ಒಪ್ಪಿಕೊಂಡಿದ್ದಾನೆ. ಅದನ್ನು ವಿನಯವೆಂದು ಓದುವ ರೂಢಿಯಿದೆ. ನನಗದು ಧೈರ್ಯದಂತೆ ಕೇಳಿಸುತ್ತದೆ. ಹೆಚ್ಚಿನ ವಚನಗಳ ಕೊನೆಗೆ ಬರುವ ಅಂಕಿತವನ್ನು ನೋಡಿ: ಅದು ಕೇಳುಗನ ಹೆಸರು. ಬರೆದದ್ದು ಯಾರಿಗೆ ಎಂಬುದನ್ನು ಅವರು ಒಮ್ಮೆಯೂ ಮರೆಯಲಿಲ್ಲ.

ಕೇಳುಗ ಮನುಷ್ಯನಲ್ಲದಿದ್ದರೆ ಕಲೆಯ ಲೆಕ್ಕವೇ ಬೇರೆಯಾಗುತ್ತದೆ ಎಂಬುದಕ್ಕೆ ಮಲೆನಾಡಿಗೆ ಹೋಗಬೇಕು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಚಿತ್ತಾರ ಈಗ ಬೆಂಗಳೂರಿನ ಗೋಡೆಗಳಿಗೂ ಬಂದಿದೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಸೀಯುವಂತೆ ಹುರಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಮದುವೆಯ ಹಸೆಗೋಡೆಯನ್ನಾದರೂ ನೆಂಟರು ನಿಂತು ನೋಡುತ್ತಾರೆ. ಭೂಮಣ್ಣಿ ಬುಟ್ಟಿಯದು ಇನ್ನೊಂದು ಕತೆ. ಭೂಮಿ ಹುಣ್ಣಿಮೆಗೆ, ಬಸುರಿಯಾದ ಭೂಮಿಯ ಬಯಕೆ ತೀರಿಸಲು ಅಡಿಗೆ ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಅದು. ಬಿದಿರಿನ ಬುಟ್ಟಿಯ ಮೇಲೆ ಕೆಮ್ಮಣ್ಣು ಬಳಿದು, ಒಣಗಿಸಿ, ಕೂದಲೆಳೆಯಂಥ ಬಿಳಿ ಗೆರೆ ಎಳೆಯುತ್ತಾರೆ. ಬೆಳಕು ಹರಿಯುವ ಮೊದಲೇ ಅದು ತಲೆಯ ಮೇಲೆ ಗದ್ದೆಗೆ ಹೊರಡುತ್ತದೆ. ಕತ್ತಲಲ್ಲಿ ಯಾರಿಗೆ ಕಾಣಬೇಕು ಆ ಗೆರೆ? ಯಾರಿಗಾಗಿ ಬರೆದದ್ದೋ ಆ ಭೂಮಿಗೆ ಕಣ್ಣಿಲ್ಲ. ಆದರೂ ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯುತ್ತಾರೆ. ದೊಡ್ಡವರು ಎಳೆದ ಗೆರೆಗಳ ನಡುವಿನ ಜಾಗ ತುಂಬುತ್ತಾ ತುಂಬುತ್ತಾ ಹುಡುಗಿಯರಿಗೆ ಕೈ ಬರುತ್ತದೆ. ಇದಕ್ಕೊಂದು ಕ್ಲಾಸು ಇರಲಿಲ್ಲ. ಈಗ ಇದೆ, ಸರ್ಟಿಫಿಕೇಟೂ ಇದೆ.

ಗಾದೆಯನ್ನು ಅದರ ತುದಿ ಮುಟ್ಟುವ ತನಕ ಎಳೆದರೆ ಏನಾಗಬಹುದು? ಒಬ್ಬ ಮನುಷ್ಯನೂ ಕೇಳದೆ ರಾಗ ಹುಟ್ಟಿದ್ದುಂಟೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದ ವಾಷಿಂಗ್ಟನ್ನಿನ ಒಂದು ಗ್ಯಾರೇಜಿನಲ್ಲಿ. ಜೇಮ್ಸ್ ಹ್ಯಾಂಪ್ಟನ್ ಎಂಬಾತ ಅಲ್ಲಿ ಸರ್ಕಾರಿ ಕಟ್ಟಡಗಳಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ. 1909ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ ಕಪ್ಪು ಮನುಷ್ಯ, ಬ್ಯಾಪ್ಟಿಸ್ಟ್ ಬೋಧಕನ ಮಗ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು ಬಂದವನು. 1950ರ ಸುಮಾರಿಗೆ ಆ ಗ್ಯಾರೇಜು ಬಾಡಿಗೆಗೆ ಹಿಡಿದ. ರಾತ್ರಿ ಪಾಳಿ ಮುಗಿಸಿ ಅಲ್ಲಿಗೆ ಹೋಗಿ, ಕ್ರಿಸ್ತ ಮರಳಿ ಬಂದಾಗ ಕೂರಲೆಂದು ಸಿಂಹಾಸನ ಕಟ್ಟತೊಡಗಿದ.

ಸಾಮಾನೆಲ್ಲ ಕಸದ್ದೇ. ಮುರಿದ ಕುರ್ಚಿ ಮೇಜು, ರಟ್ಟು, ಸುಟ್ಟುಹೋದ ಬಲ್ಬು, ಜೆಲ್ಲಿ ತುಂಬಿ ಬರುತ್ತಿದ್ದ ಗಾಜಿನ ಲೋಟ, ಕನ್ನಡಿಯ ಚೂರು. ಅವೆಲ್ಲದರ ಮೇಲೆ ಬೆಳ್ಳಿ, ಬಂಗಾರದ ಬಣ್ಣದ ಹಾಳೆ: ಸಿಗರೇಟು ಪ್ಯಾಕಿನೊಳಗಿನದು, ಮದ್ಯದ ಬಾಟಲಿಯ ಕತ್ತಿನದು, ಅಡುಗೆಮನೆಯದು. ಸುಮಾರು 180 ತುಂಡುಗಳು. ಎಡಕ್ಕೊಂದಿದ್ದರೆ ಬಲಕ್ಕೆ ಅದರ ಜೋಡಿ. ನಡುವೆ ಸಿಂಹಾಸನ, ಅದರ ನೆತ್ತಿಯ ಮೇಲೆ ಹೆದರಬೇಡ ಎಂಬರ್ಥದ ಎರಡು ಪದ. ತಾನೇ ಕಟ್ಟಿದ ಒಂದು ಲಿಪಿಯಲ್ಲಿ ನೋಟ್‌ಬುಕ್ಕುಗಳನ್ನು ತುಂಬಿಸಿದ್ದಾನೆ, ಅದನ್ನು ಇವತ್ತಿನವರೆಗೂ ಯಾರೂ ಓದಿಲ್ಲ. ತನ್ನ ಹುದ್ದೆಯನ್ನೂ ಬರೆದುಕೊಂಡಿದ್ದ: ಅನಂತ ರಾಜ್ಯದ ವಿಶೇಷ ಯೋಜನೆಗಳ ನಿರ್ದೇಶಕ. ಸರ್ಕಾರ ಅವನಿಗೆ ಕೊಟ್ಟ ಹುದ್ದೆ ನಮಗೆ ಗೊತ್ತೇ ಇದೆ.

1964ರಲ್ಲಿ ಹ್ಯಾಂಪ್ಟನ್ ಕ್ಯಾನ್ಸರಿನಿಂದ ತೀರಿಕೊಂಡ. ಬಾಡಿಗೆ ಬಾರದೆ ಬಾಗಿಲು ತೆರೆಸಿದ ಮಾಲೀಕನ ಕಣ್ಣಿಗೆ ಬಿದ್ದದ್ದು ಮಿನುಗುವ ಆ ದರ್ಬಾರು. ಇವತ್ತು ಅದು ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ. ಚಿತ್ರದಲ್ಲಿ ಮೊದಲು ನೋಡಿದಾಗ ನನಗೆ ನೆನಪಾದದ್ದು ನಮ್ಮೂರ ಉತ್ಸವದ ಪಲ್ಲಕ್ಕಿಗೆ ಹುಡುಗರು ಅಂಟಿಸುವ ಜರಿ ಕಾಗದ. ಸುಮಾರು ಹದಿನಾಲ್ಕು ವರ್ಷ ಹಾಡಿದ್ದಾನೆ ಆತ. ಚೆನ್ನಾಗಿದೆ ಎನ್ನಲೂ, ಸಾಕು ಎನ್ನಲೂ ಎದುರಿಗೆ ಸಭೆಯಿರಲಿಲ್ಲ.

ಇನ್ನು ನರಳುವ ಪಾಲು. ಗಾದೆ ಅದನ್ನು ಬಿಟ್ಟಿಲ್ಲ, ನಾನು ಬಿಟ್ಟರೆ ತಪ್ಪಾಗುತ್ತದೆ. ಎರಡೂ ಅರ್ಧಗಳಲ್ಲಿ ಇರುವುದು ಒಂದೇ ಕೆಲಸ, ಮತ್ತೆ ಮತ್ತೆ ಮಾಡುವುದು. ಮರುಕಳಿಸಿದ ಮಾತ್ರಕ್ಕೆ ರಾಗ ಬರುವುದಾದರೆ ಮುಲುಗಿದವನಿಗೂ ಬರಬೇಕಿತ್ತು. ಅಜ್ಜಿ ನನ್ನನ್ನು ಎಬ್ಬಿಸುತ್ತಿದ್ದ ಬೆಳಿಗ್ಗೆಗಳನ್ನು ನೆನೆದರೆ ವ್ಯತ್ಯಾಸ ಹೊಳೆಯುತ್ತದೆ. ನಾನು ಮುಲುಗುತ್ತಿದ್ದಾಗ ನನ್ನ ಕಿವಿ ಪೂರ್ತಿ ಅಡುಗೆಮನೆಯ ಕಡೆಗಿರುತ್ತಿತ್ತು. ಹೆಜ್ಜೆ ಸದ್ದು ಹತ್ತಿರ ಬಂದರೆ ಮುಲುಗು ಜೋರಾಗುತ್ತಿತ್ತು.

ದೇವರಿಗಾಗಿ ಹಾಡುವವರ ಕುಲದಿಂದ ಬಂದ ಇನ್ನೊಬ್ಬನಿದ್ದಾನೆ, ಪಾಟನಗಢದ ಚಿತ್ರಕಾರ ಜನಗಢ ಸಿಂಗ್ ಶ್ಯಾಮ. ಅವನ ಬಗ್ಗೆ ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತದೆ. ಮಧ್ಯಪ್ರದೇಶದ ಪರಧಾನರು ಗೋಂಡರ ಹಾಡುಗಾರರು. ಬಾನಾ ಎಂಬ ತಂತಿವಾದ್ಯ ನುಡಿಸಿ, ಸಾಜಾ ಮರದಲ್ಲಿ ನೆಲೆಸಿರುವ ಬಡಾದೇವನನ್ನು ಎಚ್ಚರಿಸುವುದು ಅವರ ಕಾಯಕ. ಸಾಜಾ ಎಂದರೆ ನಮ್ಮ ಕರಿಮತ್ತಿ. ಯಜಮಾನರ ಮನೆಗಳಿಂದ ಕರೆ ಬರುವುದು ಕಡಿಮೆಯಾಗಿ ಹಾಡು ಹೊಟ್ಟೆ ತುಂಬಿಸದ ಕಾಲದಲ್ಲಿ ಬೆಳೆದ ಹುಡುಗ ಜನಗಢ. 1981ರ ಸುಮಾರಿಗೆ, ಭೋಪಾಲದ ಭಾರತ ಭವನಕ್ಕೆ ಕಲೆ ಹುಡುಕುತ್ತಿದ್ದ ಜೆ. ಸ್ವಾಮಿನಾಥನ್ ಅವರ ತಂಡದವರು ಊರ ಗೋಡೆಯ ಮೇಲೆ ಅವನ ಕೈ ಕಂಡರು. ಭೋಪಾಲಕ್ಕೆ ಬಂದ ಆತ, ಅಲ್ಲಿಯವರೆಗೆ ಹಾಡಿನಲ್ಲಿ ಮಾತ್ರ ಇದ್ದ ದೇವರುಗಳಿಗೆ ಕಾಗದದ ಮೇಲೆ ಮೈ ಕೊಟ್ಟ. ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಮೈತುಂಬಿಸುವ ಆ ರೀತಿ ಬಾನಾದ ಸ್ವರಗಳ ಹಾಗೆ ಕಾಣುತ್ತದೆ ನನಗೆ. ಹಾಡ್ತಾ ಹಾಡ್ತಾ ಇಲ್ಲಿ ರಾಗ ಗೆರೆಯೇ ಆಗಿಬಿಟ್ಟಿತು. 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಹೋದ. ಭೋಪಾಲದ ವಿಧಾನಭವನದ ಗೋಡೆಗಳ ಮೇಲೆ ಬರೆದ. ಅವನ ದಾರಿಗೆ ಜನಗಢ ಕಲಮ್ ಎಂದು ಹೆಸರಾಯಿತು, ಬಂಧುಬಳಗದ ಎಷ್ಟೋ ಮನೆಗಳು ಅದರಿಂದ ಅನ್ನ ಕಂಡವು.

2001ರಲ್ಲಿ, ಜಪಾನಿನ ನೀಗಾಟಾ ಪ್ರಾಂತ್ಯದ ಮಿಥಿಲಾ ಮ್ಯೂಸಿಯಮ್ಮಿನಲ್ಲಿ ಚಿತ್ರ ಬರೆಯಲು ಹೋಗಿದ್ದಾಗ, ಆತ ತನ್ನ ಜೀವ ತಾನೇ ತೆಗೆದುಕೊಂಡ. ನಲವತ್ತು ತುಂಬಿರಲಿಲ್ಲ. ಈ ಗಾದೆಯ ಎರಡನೆಯ ಅರ್ಧವನ್ನು ತಂದು ಆ ಸಾವಿಗೆ ಹೊಂದಿಸಿಬಿಡುವುದು ಸುಲಭ, ಮಾತು ಚೆಂದವೂ ಆದೀತು. ನಾನು ಹಾಗೆ ಮಾಡುವುದಿಲ್ಲ. ಕರಿಮತ್ತಿಯ ಬುಡಕ್ಕೂ ನೀಗಾಟಾದ ಆ ಕೋಣೆಗೂ ನಡುವಿನ ದೂರವನ್ನು ಮಾತ್ರ ಆಗಾಗ ಯೋಚಿಸುತ್ತೇನೆ.

ಟೈಲರ್ ಮಾವ ಹೋಗಿ ಎಂಟು ವರ್ಷವಾಯಿತು. ಹೋದ ಧನುರ್ಮಾಸದಲ್ಲಿ ಊರಲ್ಲಿದ್ದೆ. ಬೆಳಗಿನ ಐದಕ್ಕೆ ಮಂದಿರದ ಮೈಕು ಕೂಗಿದಾಗ ಶಾಲು ಹೊದ್ದು ಹೋಗಿ ಕಂಬಕ್ಕೊರಗಿ ಕೂತೆ. ಹಳೇ ಪೆಟ್ಟಿಗೆಯ ತಿದಿ ಹರಿದು ಮೂಲೆ ಸೇರಿತ್ತು. ಅದರ ಜಾಗದಲ್ಲಿ ಎಲೆಕ್ಟ್ರಿಕ್ ಕೀಬೋರ್ಡು, ಅದರ ಮುಂದೆ ಕಾಲೇಜು ಓದುವ ಹುಡುಗಿ. ಮೊಬೈಲ್ ನೋಡಿ ಕಲಿತಳಂತೆ. ಚೆನ್ನಾಗಿಯೇ ನುಡಿಸುತ್ತಿದ್ದಳು. ಮಂಗಳಾರತಿಗೆ ಮುಂಚಿನ ಆ ಹಾಡು ಬಂತು. ಆ ಜಾಗವೂ ಬಂತು. ಇಡೀ ಬೀದಿ, ಮುದುಕರು, ಹೆಂಗಸರು, ನಿದ್ದೆಗಣ್ಣಿನ ಮಕ್ಕಳು, ಒಂದೇ ಉಸಿರಿಗೆ ಟೈಲರ್ ಮಾವನ ಕಪ್ಪು ಕೀಗೆ ಹೋಗಿ ಇಳಿದರು. ಹುಡುಗಿಯ ಬೆರಳು ಮಾತ್ರ ಸರಿಯಾದ ಬಿಳಿಯ ಮೇಲಿತ್ತು. ಒಂದು ಕ್ಷಣ ಎರಡೂ ಸ್ವರ ಒಟ್ಟಿಗೆ ಕೇಳಿ ಮಂದಿರವೆಲ್ಲ ಕರಕರ ಎಂದಿತು. ಅವಳು ಕೈ ಮೇಲೆತ್ತಿದಳು. ಆ ಸಾಲು ಮುಗಿಯುವ ತನಕ ತೊಡೆಯ ಮೇಲೆ ಇಟ್ಟುಕೊಂಡಿದ್ದು, ಆಮೇಲೆ ಮತ್ತೆ ಸೇರಿಕೊಂಡಳು. ಆರತಿ ತಟ್ಟೆ ಹತ್ತಿರ ಬಂದಾಗ ಅವಳು ನನ್ನ ಕಡೆ ನೋಡಿದಳು, ಏನಾದರೂ ಹೇಳುತ್ತೇನೋ ಎಂದು. ನಾನು ಕಣ್ಣಿಗೊತ್ತಿಕೊಂಡು ತಟ್ಟೆಯನ್ನು ಮುಂದಿನವರಿಗೆ ದಾಟಿಸಿದೆ.