ಮರಣದ ಆಚೆಗೆ ದಾಂಪತ್ಯವುಂಟೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನಾನಾ ಮತಗಳ ಕುಟುಂಬಗಳು ನೆರೆಹೊರೆಯಾಗಿ ಬಾಳುತ್ತವೆ. ಒಂದು ಮನೆಯಲ್ಲಿ ಸಾವು ಸಂಭವಿಸಿದಾಗ ಶ್ರಾವಕರೂ ಕ್ರೈಸ್ತರೂ ಪರಸ್ಪರರ ದುಃಖದಲ್ಲಿ ಪಾಲ್ಗೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಮತಭೇದವಿಲ್ಲದೆ ಏಳುವ ಪ್ರಶ್ನೆಯೊಂದುಂಟು: ಅಗಲಿದ ಪತಿ ಅಥವಾ ಪತ್ನಿ ಪರಲೋಕದಲ್ಲಿಯೂ ತನ್ನವರಾಗಿಯೇ ಇರುವರೆ? ಉಳಿದವರು ಮರುಮದುವೆಯಾದರೆ ಮೊದಲಿನ ಸಂಬಂಧದ ಗತಿಯೇನು?

ಈ ನಾಡಿನ ಕ್ರೈಸ್ತ ಇತಿಹಾಸದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತು. ಅದರ ಸೇವೆಗಾಗಿ 1853ರಲ್ಲಿ ಧಾರವಾಡಕ್ಕೆ ಬಂದವರು ಫರ್ಡಿನಾಂಡ್ ಕಿಟ್ಟೆಲ್. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿಯೂ ಹೊರತಂದ ಈ ವಿದ್ವಾಂಸರು 1860ರಲ್ಲಿ ಪೌಲೀನ ಐತ್ ಅವರನ್ನು ವಿವಾಹವಾದರು. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ಲರು ಆಕೆಯ ಸೋದರಿ ಜೂಲಿಯವರ ಕೈಹಿಡಿದರು. ಈ ಇಬ್ಬರಲ್ಲಿ ಪರಲೋಕದ ಪತ್ನಿ ಯಾರು?

ಇಂಥದೇ ಪ್ರಶ್ನೆಯನ್ನು ಯೇಸುವಿನ ಮುಂದೆ ಸದ್ದುಕಾಯರು ಇಟ್ಟ ಪ್ರಸಂಗ ಮತ್ತಾಯ, ಮಾರ್ಕ, ಲೂಕ ಸುವಾರ್ತೆಗಳಲ್ಲಿ ಬರುತ್ತದೆ. ಸಂತಾನವಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ಮದುವೆಯಾಗಿ ಅಣ್ಣನ ಹೆಸರನ್ನು ಉಳಿಸಬೇಕೆಂಬುದು ಮೋಶೆಯ ಧರ್ಮಶಾಸ್ತ್ರ. ಹೀಗೆ ಏಳು ಮಂದಿ ಸಹೋದರರನ್ನು ಒಬ್ಬರಾದ ಮೇಲೊಬ್ಬರಂತೆ ವರಿಸಿದ ಸ್ತ್ರೀಯು ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂದು ಅವರು ಕೇಳಿದರು. ಪುನರುತ್ಥಾನವನ್ನೇ ನಂಬದವರ ಕುಚೋದ್ಯವದು. ಅಲ್ಲಿ ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲ. ಅವರು ದೇವದೂತರಂತೆ ಇರುವರು ಎಂಬುದು ಯೇಸುವಿನ ಉತ್ತರದ ತಾತ್ಪರ್ಯ. ಸಾವಿಲ್ಲದ ಲೋಕದಲ್ಲಿ ವಂಶ ಬೆಳೆಸುವ ಅಗತ್ಯವಿಲ್ಲವೆಂಬ ಕಾರಣವನ್ನು ಲೂಕನು ಸೂಚಿಸುತ್ತಾನೆ. ಗಂಡನು ಸತ್ತರೆ ಹೆಂಡತಿಯು ವಿವಾಹಬಂಧನದಿಂದ ಬಿಡುಗಡೆ ಹೊಂದುವಳೆಂದು ಪೌಲನೂ ಬೋಧಿಸಿದನು. ಆದರೂ ಅಗಲಿದವರೊಡನೆ ಪುನಃ ಕೂಡುವ ನಿರೀಕ್ಷೆಯನ್ನು ಆತನು ಕಸಿದುಕೊಳ್ಳಲಿಲ್ಲ. ಅಳಿಯುವುದು ದಾಂಪತ್ಯದ ಹಕ್ಕು, ಪ್ರೀತಿಯಲ್ಲ.

ಜಿನಾಗಮದ ಮಾರ್ಗ ಬೇರೆ. ಸ್ವರ್ಗವೂ ಶಾಶ್ವತವಲ್ಲ, ಆಯುಷ್ಯ ತೀರಿದೊಡನೆ ದೇವನೂ ಚ್ಯುತನಾಗುವನು. ಆದರೆ ಕೆಳಗಿನ ಸ್ವರ್ಗಗಳಲ್ಲಿ ಮನುಷ್ಯರಂತೆಯೇ ಇರುವ ಕಾಮಸೇವನೆಯು ಮೇಲೇರಿದಂತೆ ಸ್ಪರ್ಶ, ರೂಪ, ಶಬ್ದ, ಮನಸ್ಸುಗಳಿಗೆ ಸೂಕ್ಷ್ಮವಾಗುತ್ತ ಹೋಗಿ, ಗ್ರೈವೇಯಕಾದಿ ವಿಮಾನಗಳ ಅಹಮಿಂದ್ರರಲ್ಲಿ ಇಲ್ಲವಾಗುತ್ತದೆಂದು ‘ತತ್ತ್ವಾರ್ಥಸೂತ್ರ’ವು ಹೇಳುತ್ತದೆ. ಅವರ ಸುಖವೋ ಕೆಳಗಿನವರ ಸುಖಕ್ಕಿಂತ ಮಿಗಿಲು. ಉತ್ತಮ ಸುಖಕ್ಕೆ ದಾಂಪತ್ಯವು ಬೇಕಿಲ್ಲವೆಂಬ ಮಾತಿನಲ್ಲಿ ಎರಡು ದರ್ಶನಗಳೂ ಹತ್ತಿರವಾಗುತ್ತವೆ.

ಹಾಗಾದರೆ ಇಲ್ಲಿಯ ಒಲವು ವ್ಯರ್ಥವೆ? ತಾಯಿಯ ತವರು ಅಣ್ಣಿಗೇರಿಯಾಗಿದ್ದ ಪಂಪನ ‘ಆದಿಪುರಾಣ’ವು ಉತ್ತರವೀಯುತ್ತದೆ. ಲಲಿತಾಂಗನ ನಲ್ಲೆ ಸ್ವಯಂಪ್ರಭೆಯು ಮುಂದೆ ವಜ್ರಜಂಘನ ಮಡದಿ ಶ್ರೀಮತಿಯಾದಳು. ಆ ಜೀವವೇ ಮತ್ತೊಂದು ಭವದಲ್ಲಿ ಮಗ ಕೇಶವನಾಗಿ, ಕೊನೆಗೆ ಶ್ರೇಯಾಂಸನಾಗಿ ವೃಷಭ ಮುನಿಗೆ ಕಬ್ಬಿನ ಹಾಲಿನ ಮೊದಲ ಆಹಾರವನ್ನಿತ್ತಿತು. ಪತ್ನಿಯೆಂಬ ಹೆಸರು ಕಳಚಿತು, ಮೋಹ ಮಾಗಿ ದಾನಧರ್ಮವಾಯಿತು.

ಸದ್ದುಕಾಯರು ಆ ಸ್ತ್ರೀಯು ಯಾರಿಗೆ ಸೇರಿದವಳೆಂದು ಕೇಳಿದರು. ಆಕೆಯ ದುಃಖವನ್ನು ಕೇಳಲಿಲ್ಲ. ಇಂದಿಗೂ ವಿಧವೆಯನ್ನು ಸತ್ತವನ ಸೊತ್ತೆಂದು ಕಟ್ಟಿಹಾಕುವವರು, ಮರುಮದುವೆಯಾದವರನ್ನು ದ್ರೋಹಿಗಳೆಂದು ಹಳಿಯುವವರು ಅದೇ ತಪ್ಪನ್ನು ಮಾಡುತ್ತಾರೆ. ಒಂದು ಜೀವವು ಮತ್ತೊಂದು ಜೀವದ ಆಸ್ತಿಯಲ್ಲವೆಂಬುದೇ ಅನ್ಯತ್ವಭಾವನೆಯ ಸಾರ. ಪರಲೋಕದಲ್ಲಿ ದಾಂಪತ್ಯವಿಲ್ಲವೆಂಬ ಅರಿವು ಇಹದ ದಾಂಪತ್ಯವನ್ನು ಹಗುರಗೊಳಿಸುವುದಿಲ್ಲ. ಸಲ್ಲಿಸಬೇಕಾದ ಸೇವೆ, ಕ್ಷಮೆ, ಸತ್ಯಗಳಿಗೆ ಇರುವ ಕಾಲ ಇದೊಂದೇ ಎಂದು ಅದು ಎಚ್ಚರಿಸುತ್ತದೆ.