ಕೈ ಬಲ್ಲ ವಿದ್ಯೆ



ತುಮರಿಗೆ ಹೋಗುವ ದಾರಿ ಈಗ ಬದಲಾಗಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸೇತುವೆಯನ್ನು ವಾಹನಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ಅದಕ್ಕೆ ಮೊದಲು ಶರಾವತಿಯ ಹಿನ್ನೀರನ್ನು ದಾಟಲು ಲಾಂಚೇ ಗತಿಯಾಗಿತ್ತು. ಬಸ್ಸು, ಜೀಪು, ಅಡಕೆಯ ಮೂಟೆ, ಬಾಣಂತಿ, ಶಾಲೆಯ ಮಕ್ಕಳು, ಕೆಲವೊಮ್ಮೆ ನಮ್ಮಂಥ ಗುರುಗಳು, ಎಲ್ಲರೂ ದಂಡೆಯಲ್ಲಿ ಅದರ ದಾರಿ ಕಾಯಬೇಕಿತ್ತು.

ಸುಮಾರು ಹದಿನಾರು ವರ್ಷಗಳ ಹಿಂದೆ ನಾನು ಹಾಗೆ ಕಾಯುತ್ತಿದ್ದಾಗ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಬ್ಬ ಗೃಹಸ್ಥರು ಮಗನೊಡನೆ ಬಂದು ನಿಂತರು. ಹುಡುಗ ಆಗಷ್ಟೇ ಹತ್ತನೆಯ ತರಗತಿ ಮುಗಿಸಿದ್ದ. ಅವನ ಕಣ್ಣು ನಮ್ಮ ಮೇಲಿರಲಿಲ್ಲ. ದಡದಲ್ಲಿ ನಿಂತಿದ್ದ ಜೀಪೊಂದರ ಬಾನೆಟ್ ತೆರೆದು, ಚಾಲಕನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ವೈದ್ಯರು ಎದೆಬಡಿತ ಆಲಿಸುವಂತೆ ಆಲಿಸುತ್ತಿದ್ದ. ಹುಡುಗ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದ.

“ಫಾದರ್, ಇವ ಐಟಿಐಗೆ ಸೇರ್ತೀನಿ ಅಂತ ಹಟ ಹಿಡಿದಾನೆ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ” ಎಂದರು ತಂದೆ.

ನಾನು ಬುದ್ಧಿ ಹೇಳಿದೆ. ಅಂಕಗಳು ಚೆನ್ನಾಗಿವೆ, ಪಿಯುಸಿ ವಿಜ್ಞಾನ ತೆಗೆದುಕೊಳ್ಳಲಿ, ಬೇರೇನೂ ಆಗದವರಿಗೆ ಐಟಿಐ ಇದ್ದೇ ಇದೆ ಎಂದೆ. ಹುಡುಗ ಒಂದು ಮಾತನ್ನೂ ಆಡಲಿಲ್ಲ. ಗುರುಗಳು ಹೇಳಿದ ಮೇಲೆ ಆ ಮನೆಯಲ್ಲಿ ಮತ್ತೆ ಚರ್ಚೆ ನಡೆಯಲಿಲ್ಲವೆಂದು ಬಳಿಕ ತಿಳಿಯಿತು. ಅವನು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳಲ್ಲಿ ಎರಡು ಬಾರಿ ಅನುತ್ತೀರ್ಣನಾದ. ಆಮೇಲೆ ಬೆಂಗಳೂರಿಗೆ ಹೋಗಿ ವಸತಿ ಸಮುಚ್ಚಯವೊಂದರಲ್ಲಿ ರಾತ್ರಿ ಕಾವಲಿಗೆ ನಿಂತ. ಕಾವಲು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಕೈಯಲ್ಲಿ ದೇವರು ಇಟ್ಟಿದ್ದ ಬೀಜ ಬೇರೆ. ಅದು ಮೊಳೆಯುವ ಮುನ್ನವೇ ನಾನು ಮಣ್ಣು ಮುಚ್ಚಿದೆ.

ಹಲವು ವರ್ಷಗಳ ನಂತರ ತಂದೆ ಸಿಕ್ಕಾಗ ನಾನೇ ಮಾತು ತೆಗೆದೆ. “ನೀವು ಒಳ್ಳೇದಕ್ಕೇ ಹೇಳಿದ್ರಿ ಫಾದರ್. ದೇವರ ಚಿತ್ತ ಹಾಗಿತ್ತು” ಎಂದು ಅವರು ನನ್ನನ್ನೇ ಸಮಾಧಾನಪಡಿಸಿದರು. ನನ್ನ ಅಜ್ಞಾನಕ್ಕೆ ದೇವರ ಚಿತ್ತವೆಂಬ ಹೆಸರು ಬಂದುದನ್ನು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಹಾಗೇಕೆ ಹೇಳಿದೆ? ಇದೇ ನಾನು ಪ್ರತಿ ವರ್ಷ ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬದ ಬಲಿಪೂಜೆಯಲ್ಲಿ ದುಡಿಮೆಯ ಘನತೆಯ ಬಗ್ಗೆ ಪ್ರಬೋಧನೆ ನೀಡುವವನು. 1955ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಆ ಹಬ್ಬವನ್ನು ಸ್ಥಾಪಿಸಿದ್ದು ಏಕೆಂದು ವಿವರಿಸುತ್ತೇನೆ. ಉಳಿ, ಬಾಚಿ ಹಿಡಿದ ಸಂತರ ಪ್ರತಿಮೆಗೆ ಹೂಮಾಲೆ ಹಾಕುತ್ತೇನೆ. ಅದೇ ಉಳಿಯನ್ನು ನಮ್ಮ ಮನೆಯ ಹುಡುಗ ಹಿಡಿಯುತ್ತೇನೆಂದಾಗ ಮಾತ್ರ ನಮಗೆ ಏನೋ ಕಳೆದುಕೊಂಡಂತೆ ಆಗುತ್ತದೆ. ಇದು ನನ್ನೊಬ್ಬನ ಕಥೆಯಾಗಿದ್ದರೆ ಪಾಪನಿವೇದನೆಯಲ್ಲಿ ಹೇಳಿ ಸುಮ್ಮನಿರುತ್ತಿದ್ದೆ, ಈ ಪುಟಗಳಲ್ಲಿ ಬರೆಯುತ್ತಿರಲಿಲ್ಲ.

ನಜರೇತಿನ ಜನರಿಗೂ ಇದೇ ಕಾಯಿಲೆಯಿತ್ತು. ಪ್ರಭು ಯೇಸು ತಮ್ಮ ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ ಕೇಳಿದವರು ಬೆರಗಾದರು. ಆದರೆ ಮರುಕ್ಷಣವೇ ಅವರ ಕಸುಬನ್ನು ನೆನಪಿಸಿಕೊಂಡು ತಾತ್ಸಾರ ಮಾಡಿದರು. ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಜನರು ಯೇಸುವನ್ನೇ ಬಡಗಿ ಎನ್ನುತ್ತಾರೆ. ಸಂತ ಮತ್ತಾಯನ 13ನೆಯ ಅಧ್ಯಾಯದಲ್ಲಿ ಬಡಗಿಯ ಮಗ ಎನ್ನುತ್ತಾರೆ. ಗುರುಮಠದಲ್ಲಿ ಈ ವ್ಯತ್ಯಾಸವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಚುಚ್ಚು ನನಗೆ ತಟ್ಟಿದ್ದು ತುಮರಿಯ ಹುಡುಗನಿಂದ. ಎರಡನೆಯ ಶತಮಾನದ ಸಂತ ಜಸ್ಟಿನರು ಯೇಸು ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು ಯಾವ ಮುಜುಗರವೂ ಇಲ್ಲದೆ ಬರೆದಿದ್ದಾರೆ.

ಪವಿತ್ರ ಗ್ರಂಥವೂ ಈ ವಿಷಯದಲ್ಲಿ ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಅಲ್ಲಿ ಉಳುವವನಿದ್ದಾನೆ, ಮುದ್ರೆ ಕೆತ್ತುವವನಿದ್ದಾನೆ, ಕುಲುಮೆಯ ಕಾವಿನಲ್ಲಿ ಮೈ ಬೇಯಿಸಿಕೊಳ್ಳುವ ಕಮ್ಮಾರನಿದ್ದಾನೆ, ಕಾಲಿನಿಂದ ಚಕ್ರ ತಿರುಗಿಸುವ ಕುಂಬಾರನಿದ್ದಾನೆ. ಇವರಿಲ್ಲದೆ ಪಟ್ಟಣದಲ್ಲಿ ಜನ ವಾಸಿಸಲಾರರು ಎನ್ನುತ್ತಾನೆ ಸಿರಾಖ. ಆದರೆ ಅದೇ ಉಸಿರಿನಲ್ಲಿ, ಜನಸಭೆಯಲ್ಲಿ ಇವರ ಸಲಹೆಯನ್ನು ಯಾರೂ ಕೇಳುವುದಿಲ್ಲ, ನ್ಯಾಯಪೀಠದಲ್ಲಿ ಇವರಿಗೆ ಆಸನವಿಲ್ಲ ಎಂದೂ ಹೇಳುತ್ತಾನೆ. ಅವನು ಸ್ವತಃ ಓದು ಬರಹದ ಪಂಡಿತ. ತನ್ನ ವರ್ಗವನ್ನು ಮೇಲಿಟ್ಟ. ಅವನನ್ನು ನಾನು ದೂರಲಾರೆ, ನಾನೂ ಅದೇ ವರ್ಗದವನು. ಆದರೂ ಕೊನೆಯಲ್ಲಿ ಅವನ ಲೇಖನಿ ಒಂದು ಸತ್ಯಕ್ಕೆ ಬಾಗುತ್ತದೆ: ಲೋಕದ ನೆಯ್ಗೆಯನ್ನು ಹರಿಯದಂತೆ ಕಾಯುವವರು ಇವರೇ, ಇವರ ಕಸುಬಿನಲ್ಲೇ ಇವರ ಪ್ರಾರ್ಥನೆಯಿದೆ ಎಂಬ ಭಾವಕ್ಕೆ. ಇನ್ನು ವಿಮೋಚನಾಕಾಂಡದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿದೆನೆಂದು ಹೆಸರಿಸಿ ಹೇಳಿದ ಬೆಚಲೇಲ ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳಲ್ಲಿ ಕೆಲಸ ಬಲ್ಲವನು.

ತುಮರಿಯ ಜನರಿಗೆ ಇದನ್ನು ಹೇಳುವಾಗ ಒಂದು ಸಂಕೋಚವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆ ಬಿಟ್ಟು ಹೊರಟವು. ಉಳಿದವರ ಸೀಮೆ ದ್ವೀಪದಂತಾಯಿತು. ಆ ನೀರು ಜೋಗದ ಬಳಿ ತಲಾ 103.5 ಮೆಗಾವಾಟ್‌ನ ಹತ್ತು ಘಟಕಗಳನ್ನು ತಿರುಗಿಸುತ್ತದೆ. ಬೆಂಗಳೂರಿನ ದೊಡ್ಡ ಕಾರ್ಖಾನೆಗಳು ಬೆಳೆದ ದಶಕಗಳಲ್ಲಿ ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಈ ಕಣಿವೆಯದೇ. ಲೇತು ತಿರುಗಿದ್ದು ಅಲ್ಲಿ, ಮುಳುಗಿದ್ದು ಇಲ್ಲಿಯ ತೆಂಗು ಅಡಕೆ. ಹೀಗಿರುವಾಗ ನಿಮ್ಮ ಮಕ್ಕಳೂ ಆ ಲೇತಿನ ಮುಂದೆ ನಿಲ್ಲಲಿ ಎಂದು ಸಲಹೆ ನೀಡುವವನು ಸ್ವಲ್ಪ ತಗ್ಗಿದ ಧ್ವನಿಯಲ್ಲಿ ಮಾತನಾಡಬೇಕು.

ತಂದೆ ತಾಯಂದಿರ ಅಂಜಿಕೆ ಬರೀ ಪ್ರತಿಷ್ಠೆಯದಲ್ಲ, ಅದಕ್ಕೂ ಕಾರಣಗಳಿವೆ. ಭದ್ರಾವತಿಯನ್ನು ನೋಡಿರಿ. 1918ರಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನದ ಬಟ್ಟಲಾಗಿತ್ತು. ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಚಾಲನೆಗೊಂಡರೂ ಗುತ್ತಿಗೆ ಕಾರ್ಮಿಕರ ಎದೆಯ ಅಳುಕು ಹೋಗಲಿಲ್ಲ. ಪಕ್ಕದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಸುಮಾರು ಹತ್ತು ವರ್ಷಗಳಾದವು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಗಲಭೆಯಾಗಿ ಸಿಡಿಯಿತು. ಗಾಜು ಒಡೆದದ್ದು ತಪ್ಪು. ಆದರೆ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ ತಲುಪಿರಲಿಲ್ಲವೆಂದು ಕಂಪನಿಯೇ ಬಳಿಕ ಒಪ್ಪಿಕೊಂಡಿತು. ಕುಶಲ ಕೆಲಸಗಾರರು ಸಿಗುತ್ತಿಲ್ಲವೆಂದು ಉದ್ಯಮಿಗಳು ಸಭೆ ಸಭೆಗಳಲ್ಲಿ ಅಳಲು ತೋಡಿಕೊಳ್ಳುವಾಗ, ಅವರ ಸಂಬಳದ ಪಟ್ಟಿಯನ್ನೂ ಒಮ್ಮೆ ತೋರಿಸಿರೆಂದು ಕೇಳುವ ಹಕ್ಕು ನಮಗಿದೆ.

ಆದ್ದರಿಂದ ದುಡಿಮೆಗೆ ಗೌರವವಿದೆ ಎಂಬ ಉಪದೇಶವೊಂದೇ ಸಾಲದು. ಈ ವಿಷಯದಲ್ಲಿ ನನಗೆ ಗುರುವಾದವರು ಸಂತ ಜಾನ್ ಬೋಸ್ಕೊ. ಇಟಲಿಯ ಟೂರಿನ್ ನಗರಕ್ಕೆ ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಅನಾಥಪ್ರಾಯ ಹುಡುಗರಿಗೆ ಅವರು ಜಪಮಾಲೆ ಕೊಟ್ಟು ಕಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. 1852ರ ಫೆಬ್ರವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕಲಿಯಲು ಬಿಡುವಾಗ ಮುದ್ರೆಯೊತ್ತಿದ ಕಾಗದದ ಮೇಲೆ ಕರಾರುಪತ್ರ ಬರೆಸಿದರು. ಯಜಮಾನನು ಕಸುಬನ್ನು ನಿಜವಾಗಿ ಕಲಿಸಬೇಕು, ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಕೂಡದು, ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು, ಹಬ್ಬದ ದಿನಗಳು ಹುಡುಗನವು, ವಾರಕ್ಕಿಷ್ಟು ಕೂಲಿ, ವರ್ಷದಲ್ಲಿ ಹದಿನೈದು ದಿನ ರಜೆ. ಹುಡುಗನ ಪರವಾಗಿ ಜಾನ್ ಬೋಸ್ಕೊ ತಾವೂ ಸಹಿ ಹಾಕಿದರು. ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ಹದಿಮೂರನೆಯ ಲಿಯೋ ಜಗದ್ಗುರುಗಳ ವಿಶ್ವಪತ್ರ ಬಂದದ್ದು 1891ರಲ್ಲಿ, ಅಂದರೆ ಸುಮಾರು ನಲವತ್ತು ವರ್ಷಗಳ ಅನಂತರ. ಯುವಕನಾಗಿದ್ದಾಗ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದಿದ್ದ ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ, ಕೆಲಸದ ಬೆಲೆ ಅದರ ಬಗೆಯಿಂದಲ್ಲ, ಅದನ್ನು ಮಾಡುವ ಮನುಷ್ಯನಿಂದ ಬರುತ್ತದೆಂದು ಬೋಧಿಸಿದರು. ಆ ಬೋಧನೆಗೆ ಬೇಕಾದ ಸಹಿಯನ್ನು ಟೂರಿನ್ನಿನ ಗುರು ಮೊದಲೇ ಹಾಕಿಟ್ಟಿದ್ದರು.

ನಾವು ಎಂಥ ಸಹಿ ಹಾಕುತ್ತಿದ್ದೇವೆ? ನನ್ನ ಬಳಿ ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ಶಿಫಾರಸು ಪತ್ರಕ್ಕಾಗಿ ಬರುವವರೆಲ್ಲ ಕಾಲೇಜುಗಳಿಗೆ ಬರೆಸಿಕೊಂಡು ಹೋಗುತ್ತಾರೆ. ಐಟಿಐಗೆ ಬರೆದುಕೊಡಿ ಎಂದವರನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಧರ್ಮಕೇಂದ್ರದ ಪಾಲನಾ ಮಂಡಳಿಗೆ ಹೆಸರು ಸೂಚಿಸುವಾಗ ವಕೀಲರು, ಶಿಕ್ಷಕರು, ಬ್ಯಾಂಕಿನವರು ಮೊದಲು ನೆನಪಾಗುತ್ತಾರೆ. ವೆಲ್ಡಿಂಗ್ ಮಾಡುವ ಸಹೋದರ ನೆನಪಾಗುವುದು ಗಂಟೆಗೋಪುರದ ಏಣಿ ಮುರಿದಾಗ. ಸಿರಾಖ ಕಂಡ ಜನಸಭೆ ಇದೇ ಅಲ್ಲವೇ? ಒಮ್ಮೆ ದೇವಾಲಯದ ಪೀಠಗಳನ್ನು ರಿಪೇರಿ ಮಾಡಿದ ಬಡಗಿಯ ಜೊತೆ, ದೇವರ ಕೆಲಸವಲ್ಲವೇ ಎಂದು ಕೂಲಿಯಲ್ಲಿ ಚೌಕಾಸಿ ಮಾಡಿದ್ದೂ ನಾನೇ. ಅವನು ನಕ್ಕು ಒಪ್ಪಿಕೊಂಡ. ಆ ನಗು ನನಗೆ ಈಗ ಅರ್ಥವಾಗುತ್ತದೆ. ಮದುವೆಯ ಮಾತುಕತೆಗಳ ವಿಷಯ ನಿಮಗೇ ಗೊತ್ತು. ಹುಡುಗ ಫಿಟ್ಟರ್ ಎಂದ ಕೂಡಲೇ ಹೆಣ್ಣಿನ ಮನೆಯವರ ಕಾಫಿ ಆರುತ್ತದೆ.

ಕರಾವಳಿಯ ಕಡೆ ನೋಡಿದರೆ ಇನ್ನೊಂದು ನೆನಪು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರೈಸ್ತರಾದ ಕಾರಣ ಊರಿನಲ್ಲಿ ಕೆಲಸ ಕಳೆದುಕೊಂಡವರಿಗೆ ಕಸುಬು ಕಲಿಸುವುದು ಅವರ ಉದ್ದೇಶಗಳಲ್ಲೊಂದಾಗಿತ್ತು. ಮಲೆನಾಡಿನ ಎಷ್ಟೋ ಮನೆಗಳ ಮೇಲೆ ಇಂದಿಗೂ ಮಂಗಳೂರು ಹೆಂಚಿದೆ. ಸುವಾರ್ತೆ ಅವರ ಕೈಯಲ್ಲಿ ಸೂರಾಯಿತು.

ಈಗ ಕಳೆದ ತಿಂಗಳ ಮಾತು. ಅದೇ ಗೃಹಸ್ಥರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನನ್ನನ್ನು ಕಾಣಲು ನಿಂತಿದ್ದರು, ಜೊತೆಯಲ್ಲಿ ಹಿರಿಯ ಮಗಳ ಮಗಳು. ಹತ್ತನೆಯ ತರಗತಿಯಲ್ಲಿದ್ದಾಳೆ. ಶಿವಮೊಗ್ಗದ ಜಿ.ಟಿ.ಟಿ.ಸಿ.ಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬೇಕೆಂದು ಅವಳ ಆಸೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಸರ್ಕಾರಿ ಸಂಸ್ಥೆಯ ಬಗ್ಗೆ ನಾನು ಅಷ್ಟಿಷ್ಟು ಓದಿದ್ದೆ. ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಬಾಟಲಿಯ ಮುಚ್ಚಳವಿರಲಿ, ಕಾರಿನ ಬಾಗಿಲಿರಲಿ, ಮೊದಲು ಅದರ ಅಚ್ಚನ್ನು ಯಾರೋ ಕೂದಲೆಳೆಯಷ್ಟೂ ತಪ್ಪದಂತೆ ಮಾಡಬೇಕು ಫಾದರ್ ಎಂದು ನನಗೇ ಪಾಠ ಹೇಳಿದಳು.

ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. ಹದಿನಾರು ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ನೋಡಿದಂತೆಯೇ.

“ಏನು ಹೇಳ್ತೀರಿ ಫಾದರ್?”

ನಾನು ಏನನ್ನೂ ಹೇಳಲಿಲ್ಲ. ಕೋರ್ಸು ಮುಗಿಸಿದವರು ಎಲ್ಲಿ ಕೆಲಸದಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತದೆ, ಹೆಣ್ಣುಮಕ್ಕಳ ವಸತಿ ಹೇಗಿದೆ ಎಂದು ಅಲ್ಲೇ ಹೋಗಿ ಕೇಳೋಣ ಎಂದೆ. ಮೂವರೂ ಶಿವಮೊಗ್ಗಕ್ಕೆ ಹೋಗಿಬರಲು ಒಂದು ದಿನ ಗೊತ್ತುಮಾಡಿದೆವು. ಕೇಳಬೇಕಾದ ಪ್ರಶ್ನೆಗಳನ್ನು ಹುಡುಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಬೆಂಗಳೂರಿನಲ್ಲಿರುವ ಮಾವನಿಗೂ ರಜೆ ಸಿಕ್ಕರೆ ಬರಲು ಹೇಳುತ್ತೇನೆಂದಳು.